ಹಾಸನ ಜಿಲ್ಲೆಯ ಸೈನಿಕರು, ಮಾಜಿ ಸೈನಿಕರು ಮತ್ತು ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಂಟೀನ್ ಸಾಲಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ರಜೆ ಮುಗಿಸಿ ಹೊರಟ ಹುಡುಗರು ಅರಸೀಕೆರೆ ಜಂಕ್ಷನ್ನಿನಿಂದ ಮಾಡುವ ಫೋನಿನಲ್ಲಿ, ಊರಿನ ಹೆಣ್ಣುಮಕ್ಕಳು ಬರೆಸಿ ಕಳಿಸುವ ಕಾಗದಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆನೋವಿನವು ಆಮೇಲೆ. ಅರ್ಜಿ ಕರೆಯುವ ದಿನಾಂಕಗಳು ವರ್ಷ ವರ್ಷ ಬದಲಾಗುವುದರಿಂದ ಅವನ್ನು ಇಲ್ಲಿ ಹುಡುಕಬೇಡಿ.

## ಮೊದಲ ಹೆಜ್ಜೆ

ಪೆನ್ಷನ್ ಬಂದೆ ಸರ್. ಈಗ ಮೊದಲು ಎಲ್ಲಿಗೆ ಹೋಗಬೇಕು?

ಹಾಸನದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ. ಹಳಬರು ಈಗಲೂ ‘ಸೈನಿಕ್ ಬೋರ್ಡ್’ ಅಂತಲೇ ಕರೆಯುತ್ತಾರೆ. ಡಿಸ್ಚಾರ್ಜ್ ಬುಕ್ ಮೂಲಪ್ರತಿ, ಪಿಪಿಒ (ಪಿಂಚಣಿ ಪಾವತಿ ಆದೇಶ), ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್, ಹೆಂಡತಿ ಜೊತೆ ತೆಗೆಸಿದ ಫೋಟೊ, ಎಲ್ಲದರ ಜೆರಾಕ್ಸ್ ಎರಡೆರಡು ಸೆಟ್ ಇಟ್ಟುಕೊಂಡು ಹೋಗಿ. ಅಲ್ಲಿ ಹೆಸರು ನೋಂದಾಯಿಸಿದರೆ ಮಾಜಿ ಸೈನಿಕರ ಗುರುತಿನ ಚೀಟಿ ಸಿಗುತ್ತದೆ. ಮಕ್ಕಳ ಸೀಟಿಗೆ, ಸ್ಕಾಲರ್‌ಶಿಪ್ಪಿಗೆ, ನೌಕರಿಗೆ, ಜಮೀನಿಗೆ, ನಾಳೆ ಏನೇ ಕೇಳುವುದಿದ್ದರೂ ಇದೇ ಬುನಾದಿ.

ನೌಕರಿಗಾಗಿ ಹೆಸರು ಬರೆಸುವುದು ಬೇರೆ ನೋಂದಣಿ. ಅದನ್ನೂ ಅದೇ ದಿನ ಮಾಡಿಸಿ, ನವೀಕರಣದ ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಬಹಳ ಜನ ಕಳೆದುಕೊಳ್ಳುವುದು ಇಲ್ಲೇ.

ಸೈನಿಕ್ ಬೋರ್ಡ್, ಕೆಎಸ್‌ಬಿ, ರೆಕಾರ್ಡ್ ಆಫೀಸ್, ತಾಲ್ಲೂಕು ಆಫೀಸ್ ಅಂತ ತಿರುಗಿಸ್ತಾರೆ. ಯಾವುದಕ್ಕೆ ಎಲ್ಲಿಗೆ ಹೋಗೋದು?

ಅರ್ಧ ಅಲೆದಾಟ ಇದು ತಿಳಿಯದ್ದರಿಂದಲೇ. ಪಿಂಚಣಿ ಕೇಂದ್ರ ಸರ್ಕಾರದ್ದು: ಪ್ರಯಾಗ್‌ರಾಜ್‌ನ ಪಿಸಿಡಿಎ (ರಕ್ಷಣಾ ಲೆಕ್ಕಪತ್ರ ಕಚೇರಿ) ಮಂಜೂರು ಮಾಡುತ್ತದೆ, ಈಗ ಸ್ಪರ್ಶ್ ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆಯ ಮೂಲಕ ಬರುತ್ತದೆ. ಸೇವಾ ದಾಖಲೆ, ಹೆಸರು ತಿದ್ದುಪಡಿ, ಹೆಂಡತಿ ಮಕ್ಕಳ ವಿವರ ಎಲ್ಲ ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿನ ಕೆಲಸ. ಮದ್ರಾಸ್ ರೆಜಿಮೆಂಟಿನವರಿಗೆ ವೆಲ್ಲಿಂಗ್ಟನ್, ಎಂಇಜಿಯವರಿಗೆ ಬೆಂಗಳೂರು, ತೋಪುಖಾನೆಯವರಿಗೆ ನಾಸಿಕ್, ಇಎಂಇಯವರಿಗೆ ಸಿಕಂದರಾಬಾದ್, ಸಿಗ್ನಲ್ಸ್‌ನವರಿಗೆ ಜಬಲ್ಪುರ. ಕೆಎಸ್‌ಬಿ ಎಂದರೆ ದೆಹಲಿಯ ಕೇಂದ್ರೀಯ ಸೈನಿಕ ಮಂಡಳಿ; ಮಗಳ ಮದುವೆ, ಮಕ್ಕಳ ಓದು, ಪಿಂಚಣಿ ಇಲ್ಲದ ವೃದ್ಧರ ನೆರವು ಅಲ್ಲಿಂದ ಬರುತ್ತದೆ, ಅರ್ಜಿ ಮಾತ್ರ ಹಾಸನದ ಕಚೇರಿ ಮೂಲಕವೇ ಹೋಗಬೇಕು.

ರಾಜ್ಯ ಸರ್ಕಾರದ ಪಾಲು ಬೇರೆ: ನೌಕರಿಯ ಮೀಸಲು, ಸಿಇಟಿ ಸೀಟು, ಜಮೀನು, ನಿವೇಶನ, ಹುತಾತ್ಮರ ಕುಟುಂಬಕ್ಕೆ ಮತ್ತು ಶೌರ್ಯ ಪದಕ ಪಡೆದವರಿಗೆ ಕೊಡುವ ಹಣ. ಇವುಗಳಲ್ಲೂ ಜಮೀನಿನ ಅರ್ಜಿ ತಹಶೀಲ್ದಾರರ ಬಳಿ ಹೋಗುತ್ತದೆಯೇ ಹೊರತು ಸೈನಿಕ ಕಚೇರಿ ಮಂಜೂರು ಮಾಡುವುದಿಲ್ಲ. ಸೈನಿಕ ಕಚೇರಿ ಶಿಫಾರಸು ಮಾಡಬಹುದು, ದೃಢೀಕರಣ ಕೊಡಬಹುದು, ಬೇರೆ ಇಲಾಖೆಗೆ ಪತ್ರ ಬರೆಯಬಹುದು. ಜಿಲ್ಲಾ ಸೈನಿಕ ಮಂಡಳಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು ಅನ್ನುವುದನ್ನು ಮರೆಯಬೇಡಿ. ಆ ಪತ್ರಕ್ಕೆ ತೂಕ ಬರುವುದು ಅದರಿಂದ.

ನಾನು ಬಿಎಸ್‌ಎಫ್‌ನಲ್ಲಿ ಇಪ್ಪತ್ತು ವರ್ಷ ಗಡಿ ಕಾದಿದ್ದೀನಿ. ನಾನು ಮಾಜಿ ಸೈನಿಕ ಅಲ್ವಾ?

ಊರಿನವರ ಕಣ್ಣಿಗೆ ಹೌದು, ಕಾನೂನಿನ ಕಣ್ಣಿಗೆ ಅಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆಯಿಂದ ಬಂದವರು ಮಾತ್ರ ಆ ವ್ಯಾಖ್ಯೆಗೆ ಸೇರುತ್ತಾರೆ. ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ ಗೃಹ ಸಚಿವಾಲಯದ ಪಡೆಗಳು. ರಾಜ್ಯ ನೇಮಕಾತಿ ಅಧಿಸೂಚನೆಗಳು ಗ್ರೆಫ್ (ಗಡಿ ರಸ್ತೆ ಕಟ್ಟುವ ಪಡೆ) ಮತ್ತು ಡಿಎಸ್‌ಸಿ (ರಕ್ಷಣಾ ನೆಲೆಗಳನ್ನು ಕಾಯುವ ಪಡೆ) ಸೇವೆಯನ್ನೂ ಹೊರಗಿಡುತ್ತವೆ. ಸೇನೆಯಲ್ಲಿ ಪೂರ್ತಿ ಸೇವೆ ಮುಗಿಸಿ ಆಮೇಲೆ ಡಿಎಸ್‌ಸಿಗೆ ಸೇರಿದವರಿಗೆ ಮೊದಲಿನ ಸೇವೆಯ ಹಕ್ಕು ಹೋಗುವುದಿಲ್ಲ. ಕೇಂದ್ರ ಪಡೆಗಳವರ ಮಕ್ಕಳಿಗೆ ಸಿಇಟಿಯಲ್ಲಿ ಪ್ರತ್ಯೇಕ ವಿಶೇಷ ವರ್ಗವೇ ಇದೆ, ಅದನ್ನು ಬಿಡಬೇಡಿ.

ಶಾಂತಿಗ್ರಾಮ ಟೋಲ್‌ನಲ್ಲಿ ಕಾರ್ಡ್ ತೋರಿಸಿದ್ರೂ ದುಡ್ಡು ಕೇಳ್ತಾರಲ್ಲ?

ಕೇಳುವುದು ಸರಿಯೇ. ಟೋಲ್ ವಿನಾಯಿತಿ 1901ರ ಕಾಯ್ದೆಯದ್ದು, ಕರ್ತವ್ಯದ ಮೇಲಿರುವ ಸೈನಿಕರಿಗೆ ಮಾತ್ರ. ನಿವೃತ್ತರಿಗಿಲ್ಲ. ಪರಮವೀರ, ಅಶೋಕ, ಮಹಾವೀರ, ಕೀರ್ತಿ, ವೀರ, ಶೌರ್ಯ ಚಕ್ರ ಪಡೆದವರು ಗುರುತಿನ ಚೀಟಿ ತೋರಿಸಿ ಹೋಗಬಹುದು. ಉಳಿದವರು ಬೂತಿನ ಹುಡುಗನ ಜೊತೆ ಜಗಳಕ್ಕೆ ನಿಲ್ಲಬೇಡಿ, ಅವನು ಬೆಳಗ್ಗೆಯಿಂದ ಎಲ್ಲರ ಕೈಲೂ ಬೈಸಿಕೊಂಡಿರುತ್ತಾನೆ.

## ಕಾಗದ ಪತ್ರ

ಡಿಸ್ಚಾರ್ಜ್ ಬುಕ್ಕಲ್ಲಿ ಹೆಂಡತಿ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು. ಏನಾದ್ರೂ ತೊಂದರೆ ಆಗುತ್ತಾ?

ನೀವು ಬದುಕಿರುವವರೆಗೆ ಏನೂ ಆಗುವುದಿಲ್ಲ. ತೊಂದರೆ ಬರುವುದು ಆಮೇಲೆ, ಅನುಭವಿಸುವವಳು ಅವಳು.

ನಮ್ಮ ಕಡೆ ಇದು ಮನೆ ಮನೆಯ ಕಥೆ. ಶಾಲೆಯ ದಾಖಲೆಯಲ್ಲಿ ಲಕ್ಷ್ಮಿ, ಮದುವೆ ಪತ್ರಿಕೆಯಲ್ಲಿ ಭಾಗ್ಯಲಕ್ಷ್ಮಿ, ವೋಟರ್ ಐಡಿಯಲ್ಲಿ ಲಕ್ಷ್ಮಮ್ಮ. ಯೂನಿಟ್ಟಿನ ಕ್ಲರ್ಕ್ ಉತ್ತರದವನು, ಕೇಳಿಸಿದ್ದನ್ನು ತನಗೆ ಬಂದ ಸ್ಪೆಲ್ಲಿಂಗಿನಲ್ಲಿ ಬರೆದ. ಗಂಡಸರದ್ದೂ ಅಷ್ಟೆ: ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿರುತ್ತವೆ; ಸೇನೆಯಲ್ಲಿ ಅದನ್ನು ಬಿಡಿಸಿ ಬರೆದಿರುತ್ತಾರೆ; ಕೆಲವರ ಹೆಸರಿಗೆ ಗೌಡ ಸೇರಿದೆ, ಕೆಲವರದ್ದು ಬಿಟ್ಟುಹೋಗಿದೆ. ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದ ದಿನ ಕಂಪ್ಯೂಟರ್ ಒಬ್ಬಳೇ ಹೆಂಡತಿಯನ್ನು ಇಬ್ಬರು ಬೇರೆ ಬೇರೆ ಹೆಂಗಸರು ಅಂತ ತಿಳಿಯುತ್ತದೆ.

ಸೇವೆಯಲ್ಲಿರುವವರಿಗೆ ದಾರಿ ಸುಲಭ. ಮದುವೆ, ಮಗುವಿನ ಜನನ, ಹೆಸರಿನ ತಿದ್ದುಪಡಿ ಯಾವುದೇ ಇರಲಿ, ಯೂನಿಟ್ಟಿನಲ್ಲೇ ಪಾರ್ಟ್ ಟೂ ಆರ್ಡರ್ (ಸೇವಾ ದಾಖಲೆಗೆ ಸೇರಿಸುವ ಆದೇಶ) ಮಾಡಿಸಿ ಅದರ ಪ್ರತಿಯನ್ನು ಮನೆಗೆ ಕಳಿಸಿ. ನಿವೃತ್ತರಾದವರು ಅಫಿಡವಿಟ್ ಮತ್ತು ಪೋಷಕ ದಾಖಲೆಗಳ ಜೊತೆ ಸೈನಿಕ ಕಚೇರಿ ಮೂಲಕ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಯಾವ ಕಾಗದವನ್ನು ಯಾವುದಕ್ಕೆ ಸರಿಹೊಂದಿಸುವುದು ಎಂದು ಮೊದಲೇ ತೀರ್ಮಾನ ಮಾಡಿ. ಆಧಾರ್ ತಿದ್ದುವುದು ಸುಲಭ, ರೆಕಾರ್ಡ್ ಆಫೀಸಿನದು ತಿಂಗಳುಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ತಪ್ಪು ಬರೀ ಒಂದೆರಡು ಅಕ್ಷರದ್ದಾದರೆ ಆಧಾರನ್ನೇ ಸೇನೆಯ ದಾಖಲೆಗೆ ಹೊಂದಿಸಿಕೊಂಡವರು ಜಾಣರು.

ಇಸಿಎಚ್‌ಎಸ್ ಕಾರ್ಡ್ ಎಲ್ಲ ಮಾಜಿ ಸೈನಿಕರಿಗೂ ಸಿಗುತ್ತಾ?

ಮುಖ್ಯವಾಗಿ ಪಿಂಚಣಿದಾರರಿಗೆ ಮತ್ತು ಅವರನ್ನು ಅವಲಂಬಿಸಿದವರಿಗೆ. 2003ರ ಏಪ್ರಿಲ್ 1ರಿಂದ ನಡೆಯುತ್ತಿರುವ, ಮಾಜಿ ಸೈನಿಕರಿಗಾಗಿ ಇರುವ ಕೇಂದ್ರದ ಆರೋಗ್ಯ ಯೋಜನೆ ಇದು. ಹಾಸನದ ಪಾಲಿಕ್ಲಿನಿಕ್‌ನಲ್ಲಿ ಮೊದಲು ತೋರಿಸಿ, ಅಲ್ಲಿಂದ ರೆಫರಲ್ ಬರೆಸಿಕೊಂಡು ಒಪ್ಪಂದದ ಆಸ್ಪತ್ರೆಗೆ ಹೋಗಬೇಕು. ತುರ್ತಾದರೆ ನೇರ ಹೋಗಿ, ಆದರೆ ಕಾರ್ಡ್ ಇದೆಯೆಂದು ದಾಖಲಾಗುವ ಹೊತ್ತಿಗೇ ಹೇಳಿ. ಬಿಲ್ ಕೈಗೆ ಬಂದ ಮೇಲೆ ಹೇಳಿದರೆ ಕಷ್ಟ.

## ಮಕ್ಕಳ ಓದು

ಮಗಳು ಪಠಾಣ್‌ಕೋಟ್, ಜೋಧ್‌ಪುರ ಅಂತ ಕೇಂದ್ರೀಯ ವಿದ್ಯಾಲಯದಲ್ಲೇ ಓದಿದ್ಲು. ಸಿಇಟಿಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕಂತೆ?

ಅದು ಸಾಮಾನ್ಯ ಅಭ್ಯರ್ಥಿಗಳ ಅರ್ಹತೆ. ಸೈನಿಕರ ಮಕ್ಕಳಿಗೆ ಬೇರೆ ಅರ್ಹತಾ ಕಲಂ ಇದೆ. ತಂದೆ ಅಥವಾ ತಾಯಿ ಸೇನೆಗೆ ಸೇರುವಾಗ ಸ್ವಂತ ಊರು ಅಂತ ಕರ್ನಾಟಕದ್ದನ್ನು ಕೊಟ್ಟಿದ್ದರೆ, ಆ ದಾಖಲೆಯ ಬಲದ ಮೇಲೆ ಅರ್ಜಿ ಹಾಕಬಹುದು. ಇಲ್ಲಿ ಎರಡು ವಿಷಯ ಕಲಸಿಹೋಗುತ್ತವೆ. ಒಂದು, ಸಿಇಟಿ ಸೀಟಿಗೆ ಅರ್ಹಳೇ ಅನ್ನುವುದು. ಇನ್ನೊಂದು, ಸೈನಿಕ ಅಥವಾ ಮಾಜಿ ಸೈನಿಕರ ಮಕ್ಕಳಿಗಿರುವ ವಿಶೇಷ ವರ್ಗದ ಸೀಟು ಬೇಕೇ ಅನ್ನುವುದು. ಅರ್ಜಿಯಲ್ಲಿ ಎರಡನ್ನೂ ಬೇರೆ ಬೇರೆ ಕಡೆ ಗುರುತು ಮಾಡಬೇಕು. ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟವರು ಪ್ರತಿ ವರ್ಷ ಸಿಗುತ್ತಾರೆ.

ಸೇವೆಯಲ್ಲಿದ್ದರೆ ಕಮಾಂಡಿಂಗ್ ಆಫೀಸರ್ ಸಹಿಯ ಪ್ರಮಾಣಪತ್ರ, ನಿವೃತ್ತರಾಗಿದ್ದರೆ ಸೈನಿಕ ಕಚೇರಿಯ ಅವಲಂಬಿತರ ಪ್ರಮಾಣಪತ್ರ ಬೇಕು. ಗಡಿಯಲ್ಲಿರುವ ಯೂನಿಟ್ಟಿನಿಂದ ಸಹಿ, ಸೀಲು ಬರುವಷ್ಟರಲ್ಲಿ ಕೊನೆಯ ದಿನ ಮುಗಿದಿರುತ್ತದೆ, ಆದ್ದರಿಂದ ಎರಡನೇ ಪಿಯುಸಿ ಪರೀಕ್ಷೆಗೆ ಮುಂಚೆಯೇ ತರಿಸಿಡಿ. ವಿಶೇಷ ವರ್ಗದ ದಾಖಲೆ ಪರಿಶೀಲನೆಗೆ ಸಿಇಟಿ ನಡೆಸುವ ಕೆಇಎ ಕರೆದ ದಿನ ಮೂಲಪ್ರತಿಗಳೇ ಇರಬೇಕು. ವಾಟ್ಸ್ಯಾಪಿನಲ್ಲಿ ಬಂದ ಫೋಟೊ ನಡೆಯುವುದಿಲ್ಲ.

ಸ್ಕಾಲರ್‌ಶಿಪ್ ಎಷ್ಟು ಥರ ಇದೆ? ಎಲ್ಲಕ್ಕೂ ಹಾಕಬಹುದಾ?

ದೊಡ್ಡದು ಪ್ರಧಾನಮಂತ್ರಿ ವಿದ್ಯಾರ್ಥಿವೇತನ. ಎಂಜಿನಿಯರಿಂಗ್, ವೈದ್ಯಕೀಯ, ಬಿ.ಎಡ್, ಎಂಬಿಎ ಥರದ ವೃತ್ತಿ ಕೋರ್ಸಿನ ಮೊದಲ ವರ್ಷಕ್ಕೆ ಸೇರಿದ ಮಕ್ಕಳಿಗೆ ತಿಂಗಳಿಗೆ ಹುಡುಗರಾದರೆ 2,500 ರೂಪಾಯಿ, ಹುಡುಗಿಯರಾದರೆ 3,000 ರೂಪಾಯಿ. ಅರ್ಹತಾ ಪರೀಕ್ಷೆಯಲ್ಲಿ ಕನಿಷ್ಠ ಶೇ. 60 ಬೇಕು. ಮೊದಲ ವರ್ಷ ಬಿಟ್ಟು ಎರಡನೇ ವರ್ಷ ನೆನಪಾದರೆ ಪ್ರಯೋಜನವಿಲ್ಲ. ಅಪ್ಪ ಇನ್ನೂ ಸೇವೆಯಲ್ಲಿದ್ದರೂ ಸಿಗುವುದಿಲ್ಲ.

ಹವಾಲ್ದಾರ್ ದರ್ಜೆವರೆಗಿನವರ ಇಬ್ಬರು ಮಕ್ಕಳಿಗೆ, ಒಂದನೇ ತರಗತಿಯಿಂದ ಪದವಿವರೆಗೆ, ರಕ್ಷಣಾ ಮಂತ್ರಿ ನಿಧಿಯಿಂದ ನೆರವಿದೆ. ತಿಂಗಳಿಗೆ 1,000 ಇದ್ದದ್ದು 2025ರ ನವೆಂಬರ್ 1ರಿಂದ ಹಾಕಿದ ಅರ್ಜಿಗಳಿಗೆ 2,000 ಆಗಿದೆ. ಮಗಳ ಮದುವೆ ನೆರವೂ ಆಗಲೇ 50,000ದಿಂದ 1 ಲಕ್ಷಕ್ಕೆ ಏರಿತು. ರಾಜ್ಯದ ಸೈನಿಕ ಕಲ್ಯಾಣ ಇಲಾಖೆ ತನ್ನದೇ ಶಿಷ್ಯವೇತನಕ್ಕೂ ಅರ್ಜಿ ಕರೆಯುತ್ತದೆ. ಒಂದೇ ಮಗುವಿಗೆ ಎರಡು ಕಡೆಯಿಂದ ಪಡೆಯುವಂತಿಲ್ಲ, ಯಾವುದು ಲಾಭವೋ ಲೆಕ್ಕ ಹಾಕಿ ಅದಕ್ಕೇ ಹಾಕಿ.

ಸೈನಿಕ ಶಾಲೆಗೆ ಸೇರಿಸಬೇಕು ಅಂತಿದೀವಿ.

ರಾಜ್ಯದಲ್ಲಿ ಹಳೆಯ ಎರಡು ಸೈನಿಕ ಶಾಲೆಗಳು ವಿಜಯಪುರ ಮತ್ತು ಕೊಡಗಿನ ಕೂಡಿಗೆಯಲ್ಲಿವೆ. ಹಾಸನದವರಿಗೆ ಕೂಡಿಗೆ ಹತ್ತಿರ. ಆರನೇ ಮತ್ತು ಒಂಬತ್ತನೇ ತರಗತಿಗೆ ಪ್ರವೇಶ ಪರೀಕ್ಷೆ, ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ಮೀಸಲು ಇದೆ. ಬೆಳಗಾವಿ, ಬೆಂಗಳೂರಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳು ಬೇರೆ, ಪರೀಕ್ಷೆಯೂ ಬೇರೆ.

## ನೌಕರಿ

ಶೇಕಡಾ ಹತ್ತು ಮೀಸಲು ಅಂತಾರೆ. ಹಾಗಾದ್ರೆ ನೂರು ಹುದ್ದೆಯಲ್ಲಿ ಹತ್ತು ನಮ್ಮದೇ ಅಲ್ವಾ? ಜಾತಿ ಪತ್ರ ಯಾಕೆ ಕೇಳ್ತಾರೆ?

ಇದು ಸಮತಲ ಮೀಸಲಾತಿ. ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂದು ಹುದ್ದೆಗಳು ಮೊದಲು ಹಂಚಿಹೋಗುತ್ತವೆ. ಆಮೇಲೆ ಪ್ರತಿ ವರ್ಗದ ಒಳಗೆ ಶೇ. 10 ಮಾಜಿ ಸೈನಿಕರಿಗೆ. 3ಎಗೆ 20 ಹುದ್ದೆ ಬಂದಿದ್ದರೆ ಅದರಲ್ಲಿ 2. ನೀವು 3ಎ ಪ್ರಮಾಣಪತ್ರ ಕೊಡದಿದ್ದರೆ ಆ ಎರಡಕ್ಕೆ ನೀವು ಲೆಕ್ಕಕ್ಕಿಲ್ಲ, ಸಾಮಾನ್ಯ ವರ್ಗದ ಮಾಜಿ ಸೈನಿಕರ ಜೊತೆ ಪೈಪೋಟಿ ಮಾಡಬೇಕಾಗುತ್ತದೆ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ. ಅರ್ಹ ಮಾಜಿ ಸೈನಿಕರು ಸಿಗದೆ ಹೋದರೆ ಹುದ್ದೆ ಅದೇ ವರ್ಗದ ಬೇರೆಯವರಿಗೆ ಹೋಗುತ್ತದೆ. ಹಾಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಬಹಳ ಸಲ ಅರ್ಜಿ ಹಾಕಿದವರೇ ಕಡಿಮೆ ಇರುತ್ತಾರೆ.

ವಯಸ್ಸಿನ ಚಿಂತೆ ಬೇಡ. ಸೇವೆ ಮಾಡಿದಷ್ಟು ವರ್ಷ, ಅದರ ಮೇಲೆ ಇನ್ನೂ 3 ವರ್ಷ ಸಡಿಲಿಕೆ ಇದೆ. 17 ವರ್ಷ ಸೇವೆ ಮಾಡಿದವರಿಗೆ ಗರಿಷ್ಠ ವಯಸ್ಸಿನ ಮೇಲೆ 20 ವರ್ಷ ಸೇರುತ್ತದೆ. ಕೆಪಿಎಸ್‌ಸಿ ಅರ್ಜಿ ಶುಲ್ಕವೂ ಮಾಜಿ ಸೈನಿಕರಿಗೆ ಕಡಿಮೆ. ಆದರೆ ಕಡ್ಡಾಯ ಕನ್ನಡ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹದಿನೈದು ವರ್ಷ ಹಿಂದಿಯಲ್ಲೇ ರಿಪೋರ್ಟ್ ಮಾಡಿದ ಕೈಗೆ ಕನ್ನಡದಲ್ಲಿ ಒಂದು ಪತ್ರ ಬರೆಯಲು ಕೂತರೆ ಒತ್ತಕ್ಷರ ಕೈ ಕೊಡುತ್ತದೆ. ದಿನಪತ್ರಿಕೆಯ ಒಂದು ಪ್ಯಾರಾವನ್ನು ದಿನಾ ನೋಡಿ ಬರೆಯಿರಿ.

ಪಿಂಚಣಿಯಿಲ್ಲದೆ ಸ್ವಂತ ಕೋರಿಕೆಯ ಮೇಲೆ ಬಿಟ್ಟುಬಂದವರು ಈ ಮೀಸಲಿಗೆ ಬರುವುದಿಲ್ಲ. ಡಿಸ್ಚಾರ್ಜ್ ಬುಕ್ಕಿನಲ್ಲಿ ‘ಬಿಡುಗಡೆಯ ಕಾರಣ’ ಅನ್ನುವ ಸಾಲಿನಲ್ಲಿ ಏನಿದೆ ನೋಡಿಕೊಂಡು ಅರ್ಜಿ ಹಾಕಿ.

## ಜಮೀನು

ಮಿಲಿಟರಿಯವರಿಗೆ ಸರ್ಕಾರ ಜಮೀನು ಕೊಡುತ್ತಂತೆ. ಅರ್ಜಿ ಹಾಕಿ ವರ್ಷಗಟ್ಟಲೆ ಆಯ್ತು, ಸುದ್ದಿಯಿಲ್ಲ.

ನಿಯಮ ಇರುವುದು ನಿಜ. 1969ರ ಭೂಮಂಜೂರಾತಿ ನಿಯಮಗಳಲ್ಲಿ, ಹಂಚಲು ಲಭ್ಯವಿರುವ ಜಮೀನಿನಲ್ಲಿ ಶೇ. 10 ಸೈನಿಕರಿಗೆ ಮತ್ತು ಮಾಜಿ ಸೈನಿಕರಿಗೆ ಮೀಸಲು. ‘ಲಭ್ಯವಿರುವ’ ಅನ್ನುವಲ್ಲೇ ಗಂಟು.

ಗೋಮಾಳವನ್ನು ಇಷ್ಟಬಂದಂತೆ ಕೊಡುವಂತಿಲ್ಲ. ಊರಿನಲ್ಲಿ 100 ದನಕ್ಕೆ 30 ಎಕರೆ ಉಳಿಸಿ, ಹೆಚ್ಚುವರಿ ಇದ್ದರೆ ಮಾತ್ರ ಮಂಜೂರು. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಕಾಗದದ ಮೇಲೆ ಗೋಮಾಳ ಇರುತ್ತದೆ, ಹೋಗಿ ನೋಡಿದರೆ ತೆಂಗು ಎದ್ದು ಫಲ ಕೊಡುತ್ತಿರುತ್ತದೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಅರಣ್ಯದ್ದೋ ಕಂದಾಯದ್ದೋ ತೀರದ ಸಿ ಮತ್ತು ಡಿ (ಕೃಷಿಗೆ ಯೋಗ್ಯವಲ್ಲವೆಂದು ವರ್ಗ ಮಾಡಿದ) ಜಮೀನಿನ ತಕರಾರು. ಹೇಮಾವತಿ ಜಲಾಶಯದ ಸಂತ್ರಸ್ತರಿಗೆಂದು ಕಾಯ್ದಿಟ್ಟ ಎಚ್‌ಆರ್‌ಪಿ ಜಮೀನು ನಿಮ್ಮ ಪಾಲಿಗಿಲ್ಲ.

ಹಾಗಾಗಿ ‘ಜಮೀನು ಕೊಡಿ’ ಎಂದು ಬರೆದ ಅರ್ಜಿ ಕಡತದಲ್ಲೇ ಮಲಗುತ್ತದೆ. ಓಡುವ ಅರ್ಜಿಯಲ್ಲಿ ಸರ್ವೆ ನಂಬರ್ ಇರುತ್ತದೆ. ಗ್ರಾಮ ಆಡಳಿತಾಧಿಕಾರಿ ಬಳಿ ಕೂತು ನಿಮ್ಮ ಹೋಬಳಿಯಲ್ಲಿ ಯಾವ ಸರ್ವೆ ನಂಬರಿನಲ್ಲಿ ಸರ್ಕಾರಿ ಜಮೀನು ಉಳಿದಿದೆ, ಪಹಣಿಯ ಕಲಂಗಳಲ್ಲಿ ಏನು ನಮೂದಾಗಿದೆ ಕೇಳಿ. ಪಹಣಿ, ನಕ್ಷೆ, ಮಾಜಿ ಸೈನಿಕರ ಗುರುತಿನ ಚೀಟಿ, ಆದಾಯ ಪ್ರಮಾಣಪತ್ರ, ಈಗಿರುವ ಜಮೀನಿನ ವಿವರ ಲಗತ್ತಿಸಿ ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿ ಸೈನಿಕ ಕಚೇರಿಗೂ ಕೊಡಿ. ಮಂಜೂರಾದರೂ ಪರಭಾರೆ ನಿಷೇಧದ ಷರತ್ತು ಇರುತ್ತದೆ. ಅದು ಮುಗಿಯುವ ಮೊದಲು ಅಡ್ವಾನ್ಸ್ ಕೊಡಲು ಬರುವ ಬ್ರೋಕರನ್ನು ಕಾಫಿ ಕೊಟ್ಟು ಕಳಿಸಿ.

ನಾನು ಕುಪ್ವಾರದಲ್ಲಿದ್ದೀನಿ. ಊರಲ್ಲಿ ಪಕ್ಕದವರು ಬದು ಒತ್ತಿದ್ದಾರೆ, ಅಪ್ಪನಿಗೆ ಬೈತಾರೆ. ರಜೆ ಸಿಗಲ್ಲ. ಏನ್ ಮಾಡ್ಲಿ?

ಕಮಾಂಡಿಂಗ್ ಆಫೀಸರ್ ಮೂಲಕ ಜಿಲ್ಲಾಧಿಕಾರಿಗೆ ಪತ್ರ ಬರೆಸಿ, ಬೆದರಿಕೆ ಇದ್ದರೆ ಪೊಲೀಸ್ ವರಿಷ್ಠಾಧಿಕಾರಿಗೂ. ಸರ್ವೆ ನಂಬರ್, ಗ್ರಾಮ, ಹೋಬಳಿ, ಎದುರಾಳಿಯ ಹೆಸರು, ಅಪ್ಪನ ಫೋನ್ ನಂಬರ್ ಪತ್ರದಲ್ಲಿ ಇರಲಿ. ‘ನ್ಯಾಯ ಕೊಡಿಸಿ’ ಎಂದಷ್ಟೇ ಇದ್ದರೆ ಕೆಳಗಿನ ಕಚೇರಿಯವರಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ.

ಪತ್ರ ಹೋದಷ್ಟಕ್ಕೆ ಬದು ಸರಿಯುವುದಿಲ್ಲ. ಜೊತೆಗೇ ಅಪ್ಪನ ಕೈಲಿ ಹದ್ದುಬಸ್ತಿಗೆ ಅರ್ಜಿ ಹಾಕಿಸಿ. ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಅಳೆದು, ಗಡಿ ಗುರುತಿಸಿ ಕಲ್ಲು ಹಾಕಿಸುತ್ತಾರೆ. ಇಲ್ಲೊಂದು ತೊಡಕು ಬರುತ್ತದೆ: ಪಹಣಿ ಇನ್ನೂ ತಾತನ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ಅಣ್ಣತಮ್ಮಂದಿರಲ್ಲಿ ಬಾಯಿಮಾತಿನ ಪಾಲಾಗಿದ್ದರೆ ಪೋಡಿ (ಪಾಲನ್ನು ಅಳೆದು ಬೇರೆ ನಂಬರ್ ಮಾಡಿಸುವುದು). ಸೈನಿಕರ ಮನೆಗಳಲ್ಲಿ ಇದು ಬಾಕಿ ಉಳಿಯುವುದೇ ಹೆಚ್ಚು, ಸಹಿ ಹಾಕಬೇಕಾದವನು ಊರಲ್ಲೇ ಇರುವುದಿಲ್ಲವಲ್ಲ. ಮುಂದಿನ ರಜೆಯ ಮೊದಲ ವಾರವನ್ನು ಇದಕ್ಕೆ ಇಡಿ, ನೆಂಟರ ಮನೆ ಆಮೇಲೆ.

ಎದುರಾಳಿ ಕೋರ್ಟಿಗೆ ಹೋಗಿದ್ದರೆ 1925ರ ಸೈನಿಕರ ವ್ಯಾಜ್ಯ ಕಾಯ್ದೆಯ ರಕ್ಷಣೆ ಇದೆ. ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕ ಹಾಜರಾಗಲಾರ ಎಂಬ ಪ್ರಮಾಣಪತ್ರ ಬಂದರೆ ನ್ಯಾಯಾಲಯ ವಿಚಾರಣೆ ಮುಂದೂಡಬೇಕಾಗುತ್ತದೆ. ನಮ್ಮ ವಕೀಲರಲ್ಲಿ ಎಲ್ಲರಿಗೂ ಇದು ತಟ್ಟನೆ ನೆನಪಾಗುವುದಿಲ್ಲ, ನೀವೇ ಹೇಳಿ.

ಜಮೀನು ವಾರಕ್ಕೆ (ಪಾಲು ಬೆಳೆಗೆ) ಕೊಟ್ರೆ ಗೇಣಿದಾರ ತನ್ನದೇ ಅಂದುಬಿಡ್ತಾನೆ ಅಂತ ಅಮ್ಮ ಹೆದರ್ತಾಳೆ.

1974ರ ಭೂಸುಧಾರಣೆಯನ್ನು ಕಂಡ ತಲೆಮಾರಿನ ಭಯ ಅದು, ಸುಮ್ಮನೆ ಬಂದದ್ದಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೇ ಕಲಂ ಗೇಣಿಯನ್ನು ನಿಷೇಧಿಸುತ್ತದೆ, ಆದರೆ ಸೈನಿಕರು ಮತ್ತು ನಾವಿಕರಿಗೆ ಅದರಲ್ಲೇ ವಿನಾಯಿತಿ ಇದೆ. ಅವರು ಜಮೀನನ್ನು ಗೇಣಿಗೆ ಕೊಡಬಹುದು, 15ನೇ ಕಲಂ ಪ್ರಕಾರ ಬಿಡಿಸಿಕೊಳ್ಳಬಹುದು. ಕರಾರು ಬರಹದಲ್ಲಿರಬೇಕು. ಬಾಯಿಮಾತಿನ ವಾರ ಬೇಡ, ಎಷ್ಟೇ ಹತ್ತಿರದ ನೆಂಟನಾದರೂ.

## ಕಷ್ಟದ ಪ್ರಶ್ನೆಗಳು

ಯೋಧ ತೀರಿಕೊಂಡ್ರೆ ಸರ್ಕಾರದ ದುಡ್ಡು ಹೆಂಡತಿಗೋ, ಹೆತ್ತವರಿಗೋ?

2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಕುಸಿತದಲ್ಲಿ ಹಾಸನ ತಾಲ್ಲೂಕಿನ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ ಹುತಾತ್ಮರಾದಾಗಿನಿಂದ ಈ ಪ್ರಶ್ನೆಯನ್ನು ನಮ್ಮ ಕಡೆ ಜನ ತಗ್ಗಿದ ದನಿಯಲ್ಲಾದರೂ ಕೇಳುತ್ತಿದ್ದಾರೆ.

ದುಡ್ಡು ಒಂದೇ ಮೂಲದಿಂದ ಬರುವುದಿಲ್ಲ. ಕುಟುಂಬ ಪಿಂಚಣಿ ಮೊದಲು ಪತ್ನಿಗೆ. ಸೇನೆಯ ಗುಂಪು ವಿಮೆ, ಭವಿಷ್ಯ ನಿಧಿ ನಾಮಿನೇಷನ್‌ನಂತೆ ಹೋಗುತ್ತವೆ. ರಾಜ್ಯ ಸರ್ಕಾರದ ಪರಿಹಾರ ಆದೇಶದಲ್ಲಿ ಬರೆದವರಿಗೆ. 2023ರ ನವೆಂಬರ್‌ನಲ್ಲಿ ರಜೌರಿಯಲ್ಲಿ ಮಡಿದ ಕ್ಯಾಪ್ಟನ್ ಪ್ರಾಂಜಲ್ ಅವರ ಕುಟುಂಬಕ್ಕೆ ರಾಜ್ಯ 50 ಲಕ್ಷ ರೂಪಾಯಿ ಪ್ರಕಟಿಸಿತ್ತು. ಹುತಾತ್ಮರ ಕುಟುಂಬದ ಒಬ್ಬರಿಗೆ ಸರ್ಕಾರಿ ನೌಕರಿ ಎಂದು 2022ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಘೋಷಿಸಿದ್ದರು.

ಸೊಸೆ ತವರಿಗೆ ಹೋದಳು, ಅತ್ತೆ ಮಾವ ಬರಿಗೈಯಲ್ಲಿ ಉಳಿದರು ಅನ್ನುವ ಮನೆಗಳಿವೆ. ಗಂಡನ ಮನೆಯವರೇ ಆ ಹುಡುಗಿಯ ಪಾಸ್‌ಬುಕ್ ಇಟ್ಟುಕೊಂಡ ಮನೆಗಳೂ ಇವೆ. ಎರಡಕ್ಕೂ ಮದ್ದು ಬದುಕಿರುವಾಗ ತುಂಬಿದ ನಾಮಿನೇಷನ್ ಮಾತ್ರ. ಮದುವೆಗೆ ಮುಂಚೆ ಅಮ್ಮನ ಹೆಸರು ಹಾಕಿ ಮರೆತವರು ಬದಲಿಸಿ, ವಿಮೆಯಲ್ಲಿ ಹೆಂಡತಿಗೆ ಇಷ್ಟು, ಹೆತ್ತವರಿಗೆ ಇಷ್ಟು ಎಂದು ಶೇಕಡಾವಾರು ಬರೆಯಿರಿ. ಬರೆದದ್ದನ್ನು ಇಬ್ಬರಿಗೂ ತಿಳಿಸಿ.

ನಮ್ಮಪ್ಪ 71ರ ಯುದ್ಧದಲ್ಲಿದ್ದರು. ಪಿಂಚಣಿ ಇಲ್ಲ. ಈಗ ಏನಾದ್ರೂ ಸಿಗುತ್ತಾ?

ಪಿಂಚಣಿಗೆ ಬೇಕಾದ 15 ವರ್ಷ ತುಂಬುವ ಮೊದಲೇ ಮನೆಗೆ ಬಂದವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಹವಾಲ್ದಾರ್ ಅಥವಾ ಕೆಳಗಿನ ದರ್ಜೆ, 65 ದಾಟಿದ ವಯಸ್ಸು, ಪಿಂಚಣಿಯಿಲ್ಲ ಎಂದಾದರೆ ಕೆಎಸ್‌ಬಿಯ ಪೆನ್ಯೂರಿ ಗ್ರಾಂಟ್ (ಬಡತನದ ನೆರವು) ಕೇಳಬಹುದು. ತಿಂಗಳಿಗೆ 4,000 ಇದ್ದದ್ದು ಈಗ 8,000. ಅಂಥವರ ವಿಧವೆಯರಿಗೂ ಇದೆ. ಡಿಸ್ಚಾರ್ಜ್ ಬುಕ್ ಗೆದ್ದಲು ತಿಂದಿದ್ದರೂ ಕೈ ಚೆಲ್ಲಬೇಡಿ, ಆರ್ಮಿ ನಂಬರ್ ಒಂದು ಗೊತ್ತಿದ್ದರೆ ಸೈನಿಕ ಕಚೇರಿ ರೆಕಾರ್ಡ್ ಆಫೀಸಿಗೆ ಬರೆದು ವಿವರ ತರಿಸಬಹುದು. ಹಳೆಯ ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಆ ನಂಬರ್ ಬರೆದಿರುವುದುಂಟು, ನೋಡಿ.

ತಮ್ಮ ಅಗ್ನಿವೀರ. ನಾಲ್ಕು ವರ್ಷ ಮುಗಿದ ಮೇಲೆ ಅವನೂ ಮಾಜಿ ಸೈನಿಕ ತಾನೆ?

ಯೋಜನೆಯ ಷರತ್ತಿನಂತೆ ಅಲ್ಲ. ಶೇ. 25ರವರೆಗೆ ಖಾಯಂ ಆಗುತ್ತಾರೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಸಿಗುತ್ತದೆ. ಪಿಂಚಣಿ, ಇಸಿಎಚ್‌ಎಸ್, ಕ್ಯಾಂಟೀನ್, ಮಾಜಿ ಸೈನಿಕರ ಸ್ಥಾನಮಾನ ಇಲ್ಲ. ರಾಜ್ಯದ ಶೇ. 10 ಮೀಸಲನ್ನು ನಂಬಿಕೊಂಡು ಕೂರದೆ, ಸೇವೆಯಲ್ಲಿದ್ದಾಗಲೇ ಪದವಿಗೆ ದೂರಶಿಕ್ಷಣ ಕಟ್ಟಿಸಿ. ಸೇವಾನಿಧಿ ಕೈಗೆ ಬಂದ ವಾರವೇ ಊರಿನಲ್ಲಿ ಕಾರು ತೋರಿಸಲು ಬರುವ ಗೆಳೆಯರಿರುತ್ತಾರೆ ಅಂತಲೂ ಹೇಳಿಡಿ.

ಎಲ್ಲ ಸರಿಯಾಗಿ ಕೊಟ್ಟರೂ ಕೆಲಸ ಆಗ್ತಿಲ್ಲ. ಯಾರಿಗೆ ದೂರು ಕೊಡಲಿ?

ದೂರು ಯಾರ ಮೇಲೆ ಅನ್ನುವುದರ ಮೇಲೆ ಹೋಗುತ್ತದೆ. ಸರ್ವೆ, ಖಾತೆ, ಜಮೀನು ಅಥವಾ ಬೇರೆ ರಾಜ್ಯ ಇಲಾಖೆಯದ್ದಾದರೆ 1902 ಜನಸ್ಪಂದನ ಸಹಾಯವಾಣಿಯಲ್ಲಿ ದೂರು ದಾಖಲಿಸಿ ನಂಬರ್ ಬರೆದಿಟ್ಟುಕೊಳ್ಳಿ, ಜೊತೆಗೆ ಜಿಲ್ಲಾ ಸೈನಿಕ ಮಂಡಳಿಯ ಅಧ್ಯಕ್ಷರೆಂದು ಜಿಲ್ಲಾಧಿಕಾರಿಗೆ ಬರೆಯಿರಿ. ಸಕಾಲದಡಿ ಬರುವ ಸೇವೆಯಾದರೆ ಸ್ವೀಕೃತಿಯ ಮೇಲೆಯೇ ಗಡುವು ಇರುತ್ತದೆ, ಮೀರಿದರೆ ಮೇಲ್ಮನವಿ ಹಾಕಬಹುದು. ಪಿಂಚಣಿಯದ್ದಾದರೆ ಸ್ಪರ್ಶ್‌ನಲ್ಲೇ ದೂರು, ಬಗೆಹರಿಯದಿದ್ದರೆ ಪಿಂಚಣಿ ಅದಾಲತ್. ಅಂಗವೈಕಲ್ಯ ಪಿಂಚಣಿ ತಿರಸ್ಕಾರದಂಥ ಸೇವಾ ವಿಷಯಗಳಿಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಕರ್ನಾಟಕ ಬರುವುದು ಕೊಚ್ಚಿ ಪೀಠಕ್ಕೆ. ತಿರಸ್ಕಾರದ ಪತ್ರ ಬಂದ ದಿನವನ್ನು ಲಕೋಟೆಯ ಮೇಲೆ ಬರೆದು, ಲಕೋಟೆ ಸಮೇತ ಇಟ್ಟುಕೊಳ್ಳಿ. ಅವಧಿ ಎಣಿಸುವುದು ಅಲ್ಲಿಂದ.